ವಾಂತಿ ನಿಲ್ಲಿಸುವ ಇಂಜೆಕ್ಷನ್: ಸೂಜಿಗೆ ಮುಂಚೆ ಏನು ಹೇಳಬೇಕು, ಆಮೇಲೆ ಏನು ನೋಡಬೇಕು

ಒಂದು ರಾತ್ರಿ ನನ್ನ ಅಕ್ಕನಿಗೆ ವಾಂತಿ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಅದೇ ದಾರಿಯಲ್ಲಿ ಒಂದು ಇಂಜೆಕ್ಷನ್ ಒಂದೇ ಸಲಕ್ಕೆ ಒತ್ತಿಬಿಟ್ಟರು. ಐದು ನಿಮಿಷವೂ ಆಗಿರಲಿಲ್ಲ, ಅಕ್ಕ ಎದ್ದು ಕೂತಳು. ಕಾಲು ಮಡಚಿದಳು, ಚಾಚಿದಳು, ಮತ್ತೆ ಮಡಚಿದಳು. “ನಂಗೆ ಇಲ್ಲಿ ಇರೋಕಾಗ್ತಿಲ್ಲ, ಇದನ್ನ ಕಿತ್ತುಹಾಕಿ” ಅಂತ ಡ್ರಿಪ್ಪಿಗೇ ಕೈ ಹಾಕಿದಳು. ಗಾಬರಿಯಾಗಿರಬೇಕು ಅಂದರು ಅಲ್ಲಿದ್ದವರು. ನಾವೂ ನಂಬಿ ಅವಳನ್ನೇ ಗದರಿದೆವು. ಅದು ಔಷಧಿಯ ಅಡ್ಡಪರಿಣಾಮ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಗದರಿದ್ದು ನೆನಪಾದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಆ ಔಷಧಿ ಮೆಟೊಕ್ಲೋಪ್ರಮೈಡ್. ರೆಗ್ಲಾನ್, ಪೆರಿನಾರ್ಮ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಇದು ಕೆಟ್ಟ ಔಷಧಿ ಖಂಡಿತ ಅಲ್ಲ. ಆಪರೇಷನ್ ಆದ ಮೇಲಿನ ವಾಂತಿಗೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ, ಸಕ್ಕರೆ ಕಾಯಿಲೆಯಿಂದ ಹೊಟ್ಟೆ ಮಂದವಾದವರಿಗೆ ಇದರಿಂದ ನಿಜಕ್ಕೂ ಆರಾಮ ಸಿಗುತ್ತದೆ. ಹೊಟ್ಟೆಯ ಸ್ನಾಯುಗಳನ್ನು ಚುರುಕು ಮಾಡಿ ಒಳಗಿದ್ದದ್ದನ್ನು ಕೆಳಗೆ ಸಾಗಿಸುತ್ತದೆ. ಜೊತೆಗೆ, ಮಿದುಳಿನಲ್ಲಿ ವಾಂತಿಯ ಸೂಚನೆ ಹುಟ್ಟುವ ಕಡೆ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ತೊಂದರೆ ಬರುವುದೂ ಅದೇ ದಾರಿಯಲ್ಲಿ. ಕೈಕಾಲು, ಕುತ್ತಿಗೆ, ಮುಖದ ಚಲನೆಯನ್ನು ಹದದಲ್ಲಿಡಲೂ ಡೋಪಮಿನ್ ಬೇಕು. ಅಲ್ಲಿಯೂ ತಡೆ ಬಿದ್ದರೆ ಮೈ ನಮ್ಮ ಮಾತು ಕೇಳುವುದಿಲ್ಲ.

ಸೂಜಿ ಚುಚ್ಚುವ ಮುಂಚೆ

“ಇದು ಯಾವ ಇಂಜೆಕ್ಷನ್?” ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಮೆಟೊಕ್ಲೋಪ್ರಮೈಡ್ ಅಂದರೆ, ಕೆಲವು ವಿಷಯ ಆಗಲೇ ಹೇಳಿಬಿಡಬೇಕು. ಪಾರ್ಕಿನ್ಸನ್ ಕಾಯಿಲೆ ಇದ್ದರೆ, ಫಿಟ್ಸ್ ಬರುತ್ತಿದ್ದರೆ, ಇಂಥದೇ ಇಂಜೆಕ್ಷನ್ನಿನಿಂದ ಹಿಂದೆ ಬಾಯಿಯೋ ಕುತ್ತಿಗೆಯೋ ತಿರುಚಿಕೊಂಡಿದ್ದರೆ ಮೊದಲು ಅದನ್ನೇ ಹೇಳಿ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಅನ್ನುವ ಗೆಡ್ಡೆ ಇರುವವರಿಗೆ ಬಿಪಿ ಒಮ್ಮೆಲೇ ಏರಬಹುದು, ಅವರಿಗೆ ಇದನ್ನು ಕೊಡುವ ಹಾಗೇ ಇಲ್ಲ.

ಹೊಟ್ಟೆಯ ಲಕ್ಷಣವನ್ನೂ ಬಿಡಿಸಿ ಹೇಳಿ. ಹೊಟ್ಟೆ ಉಬ್ಬಿ, ಗ್ಯಾಸೂ ಹೋಗದೆ, ಮಲವೂ ಆಗದೆ ನೋವು ಜಾಸ್ತಿಯಾಗುತ್ತಿದ್ದರೆ ಕರುಳು ಎಲ್ಲೋ ಕಟ್ಟಿಕೊಂಡಿರಬಹುದು. ವಾಂತಿಯಲ್ಲಿ ರಕ್ತ ಅಥವಾ ಡಾಂಬರಿನ ಹಾಗೆ ಕಪ್ಪು ಮಲ ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಇಂಥ ಹೊಟ್ಟೆಯನ್ನು ಚುರುಕು ಮಾಡುವುದು ಅಪಾಯ.

ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಕಡಿಮೆ ಮಾಡಬೇಕು. ಖಿನ್ನತೆಗೆ, ಮಾನಸಿಕ ಕಾಯಿಲೆಗೆ, ನಿದ್ದೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಸುಮ್ನೆ ನೆನಪಿನಿಂದ ಹೇಳಬೇಡಿ, ಪಟ್ಟಿ ತೋರಿಸಿ.

ಕೊಡುವಾಗ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ. ರಕ್ತನಾಳಕ್ಕೆ ಕೊಡುವಾಗ ಈ ಔಷಧಿ ನಿಧಾನವಾಗಿ ಹೋಗಬೇಕು. ಅಮೆರಿಕದಲ್ಲಿ ಔಷಧಿಯ ಜೊತೆ ಬರುವ ಮಾಹಿತಿ ಚೀಟಿ 10 ಮಿ.ಗ್ರಾಂ.ಗೆ 1ರಿಂದ 2 ನಿಮಿಷ ಅನ್ನುತ್ತದೆ. ಯುರೋಪಿನ ನಿಯಮದ ಪ್ರಕಾರ ಕನಿಷ್ಠ 3 ನಿಮಿಷ. ಒಂದೇ ಉಸಿರಿಗೆ ಒತ್ತಿದರೆ ಕೆಲವರಿಗೆ ತಡೆಯಲಾರದ ಚಡಪಡಿಕೆ, ಭಯ ಬರುತ್ತದೆ. ಅದು ಇಳಿದ ಮೇಲೆ ಜೋಂಪು ಹತ್ತುತ್ತದೆ. ಅಕ್ಕನಿಗೆ ಆಗಿದ್ದು ಇದೇ.

ಸಿರಿಂಜಿನಲ್ಲಿರುವುದು ಬರೀ 2 ಮಿ.ಲೀ. ಹೆಬ್ಬೆರಳು ಒಂದು ಸಲ ಒತ್ತಿದರೆ ಮುಗಿದೇ ಹೋಗುವಷ್ಟು. ಅದನ್ನು ಮೂರು ನಿಮಿಷ ಎಳೆಯುವುದಕ್ಕೆ ತಾಳ್ಮೆ ಬೇಕು, ರಾತ್ರಿ ಪಾಳಿಯ ನರ್ಸ್‌ಗೆ ಹತ್ತು ಕಡೆ ಕೆಲಸ ಕಾಯುತ್ತಿರುತ್ತದೆ. ಅದಕ್ಕೇ ನಾವು ಬಾಯಿ ಬಿಡಬೇಕು. “ಇದನ್ನು ಸ್ವಲ್ಪ ನಿಧಾನವಾಗಿ ಕೊಡ್ತೀರಾ?” ಅಂದರೆ ಸಾಕು.

ಆಮೇಲೆ

ಪಕ್ಕದಲ್ಲಿ ಒಬ್ಬರು ಇರಲಿ. ಜೋಂಪು, ಸುಸ್ತು ಸಾಮಾನ್ಯ. ಅವತ್ತು ಗಾಡಿ ಓಡಿಸುವುದು ಬೇಡ, ಮದ್ಯವಂತೂ ಬೇಡವೇ ಬೇಡ.

ನೋಡಬೇಕಾದ್ದು ಬೇರೆ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒದ್ದಾಡುವುದು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು. ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುವುದು, ದವಡೆ ಕಚ್ಚಿಕೊಳ್ಳುವುದು, ನಾಲಿಗೆ ಹೊರಬಂದು ಮಾತು ತೊದಲುವುದು. ನೋಡಿದವರಿಗೆ ಫಿಟ್ಸ್ ಅನ್ನಿಸುತ್ತದೆ, ಆದರೆ ರೋಗಿಗೆ ಪೂರ್ತಿ ಎಚ್ಚರ ಇರುತ್ತದೆ, ಎಲ್ಲ ಕೇಳಿಸುತ್ತಿರುತ್ತದೆ. ಪಾಪ, ಹೇಳಲಾಗುವುದಿಲ್ಲ ಅಷ್ಟೇ. ಇಂಥ ಸೆಳೆತ ಎಲ್ಲರಿಗೂ ಬರುವುದಿಲ್ಲ. ಬಂದರೆ ಹೆಚ್ಚಾಗಿ ಮೊದಲ 24ರಿಂದ 48 ಗಂಟೆಯಲ್ಲಿ, ಅದೂ ಮಕ್ಕಳಲ್ಲಿ ಮತ್ತು 30 ವರ್ಷದೊಳಗಿನವರಲ್ಲಿ ಜಾಸ್ತಿ. ಅಂದರೆ ಮನೆಗೆ ಬಂದ ಮೇಲೂ ಬರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, “ಮೆಟೊಕ್ಲೋಪ್ರಮೈಡ್ ಕೊಟ್ಟಿದ್ದರು” ಅಂತ ಮೊದಲ ಮಾತಿನಲ್ಲೇ ಹೇಳಿ. ಡೈಫೆನ್‌ಹೈಡ್ರಮಿನ್ ಅಥವಾ ಬೆಂಜ್‌ಟ್ರೋಪಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಬೇಗ ಸಡಿಲವಾಗುತ್ತದೆ. ಗಂಟಲು ಬಿಗಿದು ಉಸಿರಿಗೆ ತೊಂದರೆಯಾದರೆ ಒಂದು ನಿಮಿಷವೂ ಕಾಯಬೇಡಿ.

ವಿಪರೀತ ಜ್ವರ, ಮರಗಟ್ಟಿದ ಮೈ, ಗೊಂದಲದ ಮಾತು ಮೂರೂ ಒಟ್ಟಿಗೆ ಬಂದರೂ ಅಷ್ಟೇ ತುರ್ತು. ಅಪರೂಪ, ಆದರೆ ಜೀವಕ್ಕೆ ಕುತ್ತು.

ದಿನಗಳು ಮುಂದುವರಿದರೆ

ಎರಡು ಡೋಸ್ ನಡುವೆ ಕನಿಷ್ಠ 6 ಗಂಟೆ ಇರಲಿ. ನಡುವೆ ಮತ್ತೆ ವಾಂತಿಯಾಯಿತು ಅಂತ ಬೇಗ ಕೇಳಬೇಡಿ. ದೊಡ್ಡವರಿಗೆ ದಿನಕ್ಕೆ 30 ಮಿ.ಗ್ರಾಂ. ಮೀರಬಾರದು, 5 ದಿನಕ್ಕಿಂತ ಹೆಚ್ಚು ಬೇಡ ಅಂತ ಯುರೋಪಿನ ಔಷಧಿ ಸಂಸ್ಥೆ 2013ರಲ್ಲಿ ಹೇಳಿತು. ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು ಅಂತಲೂ ಹೇಳಿತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಈ ಔಷಧಿಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತ್ತು. ಕಾರಣ, ತಿಂಗಳುಗಟ್ಟಲೆ ತಗೊಂಡವರಲ್ಲಿ ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು, ಕಣ್ಣು ಮಿಟುಕಿಸುವುದು ತಾನಾಗಿಯೇ ಶುರುವಾಗಬಹುದು. ಔಷಧಿ ಬಿಟ್ಟರೂ ಅದು ಹೋಗದೇ ಉಳಿಯಬಹುದು. ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ಅಪಾಯ ಹೆಚ್ಚು. ಮನೆಯ ಹಿರಿಯರಿಗೆ ಇದೇ ಔಷಧಿ ಮಾತ್ರೆಯ ರೂಪದಲ್ಲಿ ಸುಮ್ನೆ ಮುಂದುವರಿಯುತ್ತಿದೆಯಾ ಅಂತ ಇವತ್ತೇ ಒಮ್ಮೆ ನೋಡಿ. ಇದ್ದರೆ, ಇನ್ನೂ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ.

ತೊಂದರೆ ಆದವರು ಅದನ್ನು ಬರೆಸಿಕೊಂಡೇ ಬನ್ನಿ. ಡಿಸ್ಚಾರ್ಜ್ ಕಾಗದದಲ್ಲಿ ಔಷಧಿಯ ಹೆಸರು, ಎಷ್ಟು ಕೊಟ್ಟರು, ಏನಾಯಿತು ಅನ್ನುವುದು ಇರಲಿ. ಅಕ್ಕನ ಪರ್ಸಿನಲ್ಲಿ ಈಗ ಒಂದು ಚೀಟಿ ಇರುತ್ತದೆ. ದಪ್ಪ ಅಕ್ಷರದಲ್ಲಿ ಅವಳೇ ಬರೆದುಕೊಂಡಿದ್ದಾಳೆ: “ಮೆಟೊಕ್ಲೋಪ್ರಮೈಡ್ ಕೊಟ್ಟರೆ ಚಡಪಡಿಕೆ ಬರುತ್ತದೆ. ದಯವಿಟ್ಟು ಬೇರೆ ಔಷಧಿ ಕೊಡಿ.”