ರೇಸ್ ಪಾರಿವಾಳದ ಮರಿಯನ್ನು ಪಳಗಿಸುವ ಕ್ರಮ

ಮೈಸೂರು, ಮಂಡ್ಯಗಳಲ್ಲಿ ಮಹಡಿಯ ಮೇಲೆ ಪಾರಿವಾಳ ಸಾಕುವವರಿಗೆ ಕೊರತೆಯಿಲ್ಲ. ಆದರೆ ರೇಸಿಗೆಂದು ಹೋಮರ್, ಅಂದರೆ ದೂರ ಒಯ್ದು ಬಿಟ್ಟರೂ ಗೂಡಿಗೆ ಮರಳುವ ತಳಿಯ ಮರಿಗಳನ್ನು ತಂದವರಲ್ಲಿ ಅನೇಕರು ಹಾರಲು ಬಿಟ್ಟ ಕೆಲವೇ ದಿನಗಳಲ್ಲಿ ಅವುಗಳನ್ನು ಕಳೆದುಕೊಂಡು, ತಳಿಯೇ ಸರಿಯಿರಲಿಲ್ಲವೆಂದು ಮಾರಿದವರನ್ನು ದೂರುತ್ತಾರೆ. ನಾನು ಕಂಡಂತೆ ಹೆಚ್ಚಿನ ಮರಿಗಳು ಹೋದದ್ದು ಸಾಕಿದವರ ಅವಸರದಿಂದ.

ಮೊದಲು ಮರಿಯ ಆಯ್ಕೆ. ತಾನೇ ಕಾಳು ತಿನ್ನಲು ಕಲಿತ, ಸುಮಾರು ಒಂದು ತಿಂಗಳ, ಕಾಲಿಗೆ ಉಂಗುರವಿರುವ ಮರಿಯನ್ನೇ ತನ್ನಿ. ಬೇರೆಡೆ ಹಾರಿ ಪಳಗಿದ ದೊಡ್ಡ ಹಕ್ಕಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಾರಿಸಲೆಂದು ಕೊಳ್ಳಬೇಡಿ. ತಿಂಗಳುಗಟ್ಟಲೆ ಕೂಡಿಹಾಕಿದರೂ ಬಿಟ್ಟ ದಿನ ಅದು ಹಳೆಯ ಗೂಡಿಗೇ ಹೋದೀತು. ಗೂಡು ಒಣಗಿದ್ದು, ಗಾಳಿಯಾಡುತ್ತಿದ್ದು, ಬೆಕ್ಕು ನುಗ್ಗದಂತಿದ್ದರೆ ಸಾಕು.

ಎರಡನೆಯದು ಬಾಗಿಲಿನ ಪಾಠ. ಹೆಚ್ಚಿನವರು ಎಡವುವುದು ಇಲ್ಲಿಯೇ. ಟ್ರ್ಯಾಪ್ ಎಂದರೆ ಒಳಕ್ಕೆ ಮಾತ್ರ ಸರಿಯುವ, ಮೇಲಿನಿಂದ ತೂಗುಬಿಟ್ಟ ತಂತಿಗಳ ಬಾಗಿಲು. ಅದರ ಮುಂದಿನ ಹಲಗೆಯ ಮೇಲೆ ಜಾಲರಿಯ ಪಂಜರವನ್ನಿಟ್ಟು, ಮೊದಲ ವಾರ ಪ್ರತಿ ಸಂಜೆ ಮರಿಗಳನ್ನು ಅದರೊಳಗೆ ಕೂರಿಸಿದರೆ ಅವು ಸುತ್ತಲಿನ ಮಹಡಿ, ಮರ, ನೀರಿನ ಟ್ಯಾಂಕುಗಳನ್ನು ನೋಡಿಕೊಳ್ಳುತ್ತವೆ. ತಂತಿಗಳನ್ನು ಮೇಲಕ್ಕೆ ಕಟ್ಟಿ, ಡಬ್ಬಿಯಲ್ಲಿ ಕಾಳು ಅಲುಗಿಸುತ್ತಾ ಒಳಗೆ ಕರೆಯಿರಿ; ಆ ಸದ್ದು ಕೇಳಿದಾಗಲೆಲ್ಲ ಒಳಗೆ ಕಾಳು ಸಿಗಲೇಬೇಕು. ಎರಡು ಮೂರು ದಿನಗಳ ಬಳಿಕ ಒಂದು ತಂತಿಯನ್ನು ಇಳಿಬಿಡಿ, ಮರುದಿನ ಇನ್ನೊಂದನ್ನು. ಮರಿ ಕತ್ತು ಓರೆ ಮಾಡಿ ನೋಡುತ್ತದೆ, ತಲೆ ತೂರಿಸುತ್ತದೆ, ತಂತಿ ಬೆನ್ನಿಗೆ ತಾಗಿದೊಡನೆ ಹಿಂದೆ ಸರಿಯುತ್ತದೆ. ಆಗ ಕೈಯಿಂದ ನೂಕಬಾರದು. ನೂಕಿದರೆ ಬಾಗಿಲನ್ನು ಕಂಡರೇ ಹೆದರುವ ಹಕ್ಕಿಯಾಗುತ್ತದೆ. ಹಸಿದ ಮರಿ ಎದೆಯಿಂದ ತಂತಿ ತಳ್ಳಿಕೊಂಡು ತಾನಾಗಿಯೇ ಒಳಬರುವವರೆಗೆ ಕಾಯಿರಿ.

ಇಷ್ಟೇಕೆಂದರೆ, ಗೆಲುವನ್ನು ತೀರ್ಮಾನಿಸುವುದು ನಿಮಿಷಕ್ಕೆ ಎಷ್ಟು ಮೀಟರ್ ಎಂಬ ಲೆಕ್ಕ. ಬಿಟ್ಟ ಜಾಗದಿಂದ ಗೂಡಿಗೆ ನೇರ ದೂರ 36 ಕಿಲೋಮೀಟರ್ ಎಂದುಕೊಳ್ಳಿ. ಮೂವತ್ತು ನಿಮಿಷದಲ್ಲಿ ಬಂದ ಹಕ್ಕಿಯ ವೇಗ ನಿಮಿಷಕ್ಕೆ 1,200 ಮೀಟರ್; ಅದೇ ಹಕ್ಕಿ ಪಕ್ಕದ ಮನೆಯ ಟ್ಯಾಂಕಿನ ಮೇಲೆ ಐದು ನಿಮಿಷ ಕುಳಿತು ಒಳಬಂದರೆ ವೇಗ ಸುಮಾರು 1,029ಕ್ಕೆ ಇಳಿಯುತ್ತದೆ.

ಮೊದಲ ಬಾರಿ ಹೊರಬಿಡುವುದು ಸಂಜೆ, ಸೂರ್ಯ ಮುಳುಗಲು ಒಂದು ಗಂಟೆಯಿರುವಾಗ, ಅರೆಹೊಟ್ಟೆಯಲ್ಲಿ. ಬಾಗಿಲು ತೆರೆದಿಟ್ಟು ಸುಮ್ಮನಿರಿ. ಹಾರಲೆಂದು ಚಪ್ಪಾಳೆ ತಟ್ಟುವ ಮಕ್ಕಳನ್ನು ಕೆಳಗೆ ಕಳುಹಿಸಿ.

ಮರಿಗಳು ಮನೆಯ ಮೇಲೆ ಗುಂಪಾಗಿ ಅರ್ಧ ಗಂಟೆಯಾದರೂ ಸುತ್ತತೊಡಗಿದ ಮೇಲೆ ಟಾಸ್, ಅಂದರೆ ದೂರ ಒಯ್ದು ಬಿಡುವ ಅಭ್ಯಾಸ. ಮೈಸೂರಿನವರು ಮೊದಲು ಒಂದೆರಡು ಕಿಲೋಮೀಟರಿನಿಂದ ಬಿಟ್ಟು, ಆಮೇಲೆ ನಾಗನಹಳ್ಳಿ, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಂದು ಒಂದೇ ದಿಕ್ಕಿನಲ್ಲಿ ಮುಂದುವರಿಯಬಹುದು. ಪ್ರತಿ ಜಾಗದಿಂದಲೂ ತಡವಿಲ್ಲದೆ ಮರಳಿದ ಮೇಲೆಯೇ ಮುಂದಿನದು. ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಬಸ್ಸಿನಲ್ಲಿ ಒಂದೇ ಸಲಕ್ಕೆ ಮದ್ದೂರಿಗೆ ಒಯ್ಯುವವರನ್ನು ನೋಡಿದ್ದೇನೆ; ಅದು ಹಕ್ಕಿಯನ್ನು ಕಳೆದುಕೊಳ್ಳುವ ಅತಿ ಅಗ್ಗದ ಮಾರ್ಗ. ದಿಕ್ಕು ಹಿಡಿಯಲು ಪಾರಿವಾಳ ಸೂರ್ಯನನ್ನೂ ಬಳಸುವುದರಿಂದ, ನಾಲೆ ಬಯಲಿನ ಗದ್ದೆಗಳ ಮೇಲೆ ಮಂಜು ಕವಿದ ಬೆಳಿಗ್ಗೆ ಬಿಸಿಲೇರುವವರೆಗೆ ಬುಟ್ಟಿ ತೆರೆಯಬಾರದು.

ಮೇವಿಗೆ ಮುಸುಕಿನ ಜೋಳ, ಬಿಳಿಜೋಳ, ಸಜ್ಜೆ, ಹೆಸರುಕಾಳು ಸಾಕು. ಬೂಷ್ಟು ಹಿಡಿದ ಕಾಳನ್ನು ಚೆಲ್ಲಿಬಿಡಿ. ಚೀಟಿಯಿಲ್ಲದ ಶೀಶೆಯಲ್ಲಿ ಮಾರುವ ‘ಸ್ಪೀಡ್ ಟಾನಿಕ್’ಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಆ ಹಣದಲ್ಲಿ ಪಶುವೈದ್ಯರಿಂದ, ಪಾರಿವಾಳಗಳಿಗೆ ನರರೋಗ ತರುವ ಪ್ಯಾರಾಮಿಕ್ಸೊ ವೈರಸ್‌ನ ಲಸಿಕೆ ಹಾಕಿಸಿ.

ಆಟ ಬದಲಾಗುತ್ತಿದೆ. ಹಿಂದೆ ಮರಳಿದ ಹಕ್ಕಿಯನ್ನು ಹಿಡಿದು, ಕಾಲಿನ ರಬ್ಬರ್ ಉಂಗುರ ಬಿಚ್ಚಿ ಗಡಿಯಾರದ ಪೆಟ್ಟಿಗೆಗೆ ಹಾಕಬೇಕಿತ್ತು. ಈಗ ಚಿಪ್ ಉಂಗುರ ತೊಟ್ಟ ಹಕ್ಕಿ ಟ್ರ್ಯಾಪ್ ಬಳಿಯ ಪಟ್ಟಿಯ ಮೇಲೆ ಕಾಲಿಟ್ಟರೆ ಸಮಯ ತಾನಾಗಿ ದಾಖಲಾಗುತ್ತದೆ. ಬೇರೆ ಬೇರೆಯವರ ಮರಿಗಳನ್ನು ಒಂದೇ ಗೂಡಿನಲ್ಲಿ, ಒಬ್ಬರೇ ತರಬೇತುದಾರರ ಕೈಯಲ್ಲಿ ಬೆಳೆಸಿ ಓಡಿಸುವ ‘ಒನ್ ಲಾಫ್ಟ್’ ರೇಸುಗಳೂ ಜಗತ್ತಿನ ಹಲವೆಡೆ ಬೇರೂರಿವೆ. ಮಹಡಿಯಿಲ್ಲದ ಬಾಡಿಗೆ ಮನೆಯವರಿಗೆ ಅದು ಒಳ್ಳೆಯ ದಾರಿ. ಸ್ವಂತ ಗೂಡಿನಲ್ಲಿ ಮರಿ ಪಳಗಿಸುವ ಸುಖ ಮಾತ್ರ ಅದರಲ್ಲಿಲ್ಲ. ಯಂತ್ರಗಳಿಗಿಂತ ಮೊದಲು ಬರಬೇಕಾದ ಬದಲಾವಣೆ ಒಂದಿದೆ. ಗೆದ್ದ ಹಕ್ಕಿಯ ವೇಗದ ಜೊತೆಗೆ, ಪ್ರತಿ ಗೂಡಿನಿಂದ ಎಷ್ಟು ಹೋದವು, ಎಷ್ಟು ಮರಳಿದವು ಎಂಬುದನ್ನೂ ಕ್ಲಬ್ಬುಗಳು ಫಲಿತಾಂಶದ ಪಟ್ಟಿಯಲ್ಲಿ ಪ್ರಕಟಿಸಬೇಕು, ಅರ್ಧಕ್ಕಿಂತ ಹೆಚ್ಚು ಮರಿಗಳನ್ನು ಕಳೆದುಕೊಂಡ ಗೂಡಿಗೆ ಆ ಋತುವಿನಲ್ಲಿ ಮುಂದಿನ ದೂರದ ರೇಸಿಗೆ ಅವಕಾಶ ಕೊಡಬಾರದು.