ಬ್ರಿಟನ್‌ನಲ್ಲಿ ರೈಲು ಹಳಿಗೆ ಇಳಿಯುವ ಮುನ್ನ: ಪಿಟಿಎಸ್ ಬಗ್ಗೆ ಕನ್ನಡಿಗರು ತಿಳಿದಿರಬೇಕಾದದ್ದು

ಬ್ರಿಟನ್‌ನಲ್ಲಿ ರೈಲ್ವೆ ಕೆಲಸ ಅಂದರೆ ನಮ್ಮವರ ತಲೆಗೆ ಬರುವುದು ಆಫೀಸು. ಸಿಗ್ನಲಿಂಗ್ ಡಿಸೈನ್, ಟೆಲಿಕಾಂ, ಸರ್ವೆ, ಪ್ಲಾನಿಂಗ್. ಆದರೆ ಲೊಕೇಶನ್ ಕೇಸ್ (ಹಳಿ ಪಕ್ಕದ ಸಿಗ್ನಲ್ ಉಪಕರಣಗಳ ಪೆಟ್ಟಿಗೆ) ಎಲ್ಲಿದೆ, ಕೇಬಲ್ ಯಾವ ಕಡೆಯಿಂದ ಬಂದಿದೆ ಅಂತ ಕಣ್ಣಾರೆ ನೋಡದೆ ಎಷ್ಟೋ ಡ್ರಾಯಿಂಗ್ ಮುಗಿಯುವುದೇ ಇಲ್ಲ. ಹಾಗಾಗಿ ಡಿಗ್ರಿ ಎಷ್ಟೇ ಇರಲಿ, ಒಂದು ದಿನ ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ: ‘ನಿನ್ನ ಹತ್ತಿರ ಪಿಟಿಎಸ್ ಇದೆಯಾ?’

ಪಿಟಿಎಸ್ ಅಂದರೆ ಪರ್ಸನಲ್ ಟ್ರ್ಯಾಕ್ ಸೇಫ್ಟಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ನ ಮುಖ್ಯ ರೈಲು ಜಾಲವನ್ನು ನೋಡಿಕೊಳ್ಳುವುದು ನೆಟ್‌ವರ್ಕ್ ರೈಲ್. ಅದರ ಹಳಿಗಳ ಮೇಲೆ ಅಥವಾ ಪಕ್ಕದಲ್ಲಿ ಕೆಲಸ ಮಾಡುವವರಿಗೆ ಇದು ಮೊದಲ ಮೆಟ್ಟಿಲು. ಲಂಡನ್ ಅಂಡರ್‌ಗ್ರೌಂಡ್‌ನ ತರಬೇತಿಯೇ ಬೇರೆ, ಅಲ್ಲಿಗೆ ಬರೀ ಪಿಟಿಎಸ್ ಕಾರ್ಡ್ ಸಾಲದು.

ಕಾರ್ಡ್ ಅಂದೆನಲ್ಲ, ಅದರ ಹೆಸರು ಸೆಂಟಿನೆಲ್. ನಿಮ್ಮ ತರಬೇತಿ, ಮೆಡಿಕಲ್, ಕೆಲಸಕ್ಕೆ ಬಂದುಹೋದ ಲೆಕ್ಕ ಎಲ್ಲವೂ ಅದರ ಹಿಂದಿನ ದಾಖಲೆಯಲ್ಲಿರುತ್ತದೆ. ಸುಮ್ಮನೆ ದುಡ್ಡು ಕಟ್ಟಿ ಡ್ರೈವಿಂಗ್ ಲೈಸೆನ್ಸ್ ತರಹ ಮಾಡಿಸಿಕೊಳ್ಳೋಣ ಅಂದರೆ ಆಗುವುದಿಲ್ಲ. ಯಾವುದಾದರೂ ಕಂಪನಿ ನಿಮ್ಮನ್ನು ಸ್ಪಾನ್ಸರ್ ಮಾಡಬೇಕು. ಇದಕ್ಕೂ ವೀಸಾ ಸ್ಪಾನ್ಸರ್‌ಶಿಪ್‌ಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ಅಂದುಕೊಂಡು ‘ರೈಲ್ವೆ ಸ್ಪಾನ್ಸರ್‌ಶಿಪ್ ಸಿಗುತ್ತೆ’ ಅನ್ನುವ ಜಾಹೀರಾತಿಗೆ ಹಣ ಸುರಿಯಬೇಡಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ವಾರಾಂತ್ಯದ ರಾತ್ರಿ ಶಿಫ್ಟ್‌ಗೆ ಜನ ಬೇಕು ಅಂತ ಏಜೆನ್ಸಿಗಳು ಕರೆಯುತ್ತವೆ, ಸಂಬಳವೂ ಆಸೆ ಹುಟ್ಟಿಸುತ್ತದೆ. ಆದರೆ ಎಷ್ಟೋ ಕಡೆ ನಿಮ್ಮನ್ನು ಸ್ವಯಂ ಉದ್ಯೋಗಿ ಅಂತ ತೋರಿಸಿ ಕೆಲಸ ಕೊಡುತ್ತಾರೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗಕ್ಕೆ ಅನುಮತಿ ಇಲ್ಲ. ಡಿಗ್ರಿ ಓದುವವರಿಗೂ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಯೇ ಮಿತಿ. ಸಹಿ ಹಾಕುವ ಮುನ್ನ ಕಾಗದ ಪೂರ್ತಿ ಓದಿ.

ಮೆಡಿಕಲ್‌ನಲ್ಲಿ ಕಣ್ಣು, ಕಿವಿ ನೋಡುತ್ತಾರೆ. ಅದರ ಜೊತೆಗೆ ಡ್ರಗ್ಸ್ ಮತ್ತು ಆಲ್ಕೋಹಾಲ್ ಪರೀಕ್ಷೆ. ಇಂಗ್ಲೆಂಡ್‌ನಲ್ಲಿ ಕಾರು ಓಡಿಸಲು 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್‌ವರೆಗೆ ಬಿಡುತ್ತಾರೆ. ಹಳಿಯ ಕೆಲಸಕ್ಕೆ ಮಿತಿ 29. ಅಂದರೆ ಹಿಂದಿನ ರಾತ್ರಿಯ ಪಾರ್ಟಿಯೂ ಬೆಳಗ್ಗೆ ಕೈಕೊಡಬಹುದು. ಫೇಲ್ ಆದರೆ 5 ವರ್ಷ ಸೆಂಟಿನೆಲ್‌ನಿಂದ ಹೊರಗೆ.

ಕುಡಿಯದವರೂ ಸ್ವಲ್ಪ ಕೇಳಿ. ಊರಿನಿಂದ ತಂದ ಕೆಮ್ಮಿನ ಸಿರಪ್‌ನಲ್ಲಿ ಅಫೀಮಿನ ಜಾತಿಯ ಕೊಡೀನ್ ಇರಬಹುದು. ಯಾವ ಔಷಧಿ ತಗೊಂಡಿದ್ದೀರಿ ಅನ್ನುವುದನ್ನು ಮಾದರಿ ಕೊಡುವ ಮೊದಲೇ ಹೇಳಿ ಬರೆಸಿ, ಚೀಟಿ ಇದ್ದರೆ ತೋರಿಸಿ. ಇನ್ನೊಂದು ನಮ್ಮ ಮನೆಗಳದ್ದೇ ವಿಷಯ: ಗಸಗಸೆ ಪಾಯಸ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಅಂಶ ಕಾಣಿಸಿಕೊಳ್ಳಬಹುದು. ಹಬ್ಬದ ಮರುದಿನ ಪರೀಕ್ಷೆ ಇದ್ದರೆ ಪಾಯಸ ಮುಂದಿನ ವಾರಕ್ಕಿರಲಿ. ತಮಾಷೆಗೆ ಹೇಳುತ್ತಿಲ್ಲ.

ಇನ್ನು ತರಬೇತಿ. ಪಾಠ ಕಷ್ಟವಲ್ಲ, ಆದರೆ ಸಂಖ್ಯೆಗಳು ನಾಲಿಗೆ ತುದಿಯಲ್ಲಿರಬೇಕು. ರೈಲಿನ ವೇಗ ಗಂಟೆಗೆ 100 ಮೈಲಿವರೆಗೆ ಇರುವ ಕಡೆ ಹತ್ತಿರದ ಹಳಿಯಿಂದ ಕನಿಷ್ಠ 1.25 ಮೀಟರ್ ದೂರ ನಿಂತರೆ ಅದು ಸುರಕ್ಷಿತ ಜಾಗ. ಅದಕ್ಕಿಂತ ಜಾಸ್ತಿ ವೇಗವಿದ್ದರೆ 2 ಮೀಟರ್. ರೈಲು ಬರುವುದಕ್ಕೆ ಕನಿಷ್ಠ 10 ಸೆಕೆಂಡ್ ಮೊದಲೇ ನೀವು ಅಲ್ಲಿ ನಿಂತಾಗಿರಬೇಕು, ಓಡುತ್ತಾ ಇರಬಾರದು. ಡ್ರೈವರ್ ಹಾರ್ನ್ ಹೊಡೆದರೆ ಒಂದು ಕೈಯನ್ನು ತಲೆಯ ಮೇಲಕ್ಕೆ ನೇರವಾಗಿ ಎತ್ತಬೇಕು. ನೀವು ರೈಲನ್ನು ನೋಡಿದ್ದೀರಿ ಅಂತ ಅವನಿಗೆ ಗೊತ್ತಾಗಬೇಕಲ್ವಾ. ಹಳಿಯ ಮೇಲೆ ಕಾಲಿಡಬಾರದು, ಪಾಯಿಂಟ್‌ಗಳ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಸಂದಿಯಲ್ಲಂತೂ ಇಡಲೇಬಾರದು. ಬಟ್ಟೆ ಪೂರ್ತಿ ಕಿತ್ತಳೆ ಬಣ್ಣದ, ದೂರದಿಂದಲೇ ಎದ್ದು ಕಾಣುವ ಹೈ-ವಿಸ್. ಹೊಸಬರಿಗೆ ನೀಲಿ ಹೆಲ್ಮೆಟ್, ಹಳಬರಿಗೆ ಬಿಳಿ. ನೀಲಿ ಹಾಕಿಕೊಳ್ಳಲು ಕೆಲವರಿಗೆ ಮುಜುಗರ. ನನಗೆ ಕೇಳಿದರೆ ಅದು ಅನುಕೂಲವೇ: ಇವನು ಹೊಸಬ, ಮೇಲೊಂದು ಕಣ್ಣಿಡಿ ಅಂತ ಎಲ್ಲರಿಗೂ ಹೇಳುವ ಬಣ್ಣ ಅದು.

ಕರೆಂಟಿನ ವಿಷಯ ಬೇರೆಯಾಗಿಯೇ ಹೇಳಬೇಕು. ಮೇಲಿನ ತಂತಿಯಲ್ಲಿ 25,000 ವೋಲ್ಟ್, ಅದರಿಂದ 2.75 ಮೀಟರ್ ದೂರ ಇರಬೇಕು. ಕೈಯಲ್ಲಿರುವ ಸರ್ವೆ ಕೋಲು, ಏಣಿ ಕೂಡ ಆ ಲೆಕ್ಕದಲ್ಲಿ ಸೇರುತ್ತದೆ. ದಕ್ಷಿಣ ಇಂಗ್ಲೆಂಡ್‌ನ ಬಹುಪಾಲು ಕಡೆ ತಂತಿ ಇಲ್ಲ, ನೆಲದಲ್ಲೇ ಮೂರನೇ ಹಳಿ, 750 ವೋಲ್ಟ್ ಡಿಸಿ. ಬೆಂಗಳೂರಿನ ನಮ್ಮ ಮೆಟ್ರೋಗೂ ಇದೇ ವೋಲ್ಟೇಜಿನ ಮೂರನೇ ಹಳಿ ಇದೆ, ಆದರೆ ಅಲ್ಲಿ ಅದಕ್ಕೆ ಹೊದಿಕೆ ಇದೆ. ಇಲ್ಲಿ ಹಳ್ಳಿ ಬಯಲಿನಲ್ಲೂ ಅದು ತೆರೆದುಕೊಂಡು ಮಲಗಿರುತ್ತದೆ, ನೋಡಲು ಸಾಮಾನ್ಯ ಹಳಿಯ ಹಾಗೇ. ಈ ಭಾಗದಲ್ಲಿ ರೈಲು ಓಡಿಸುವ ಒಂದು ಸಂಸ್ಥೆಯ ಹೆಸರೂ ಸೌತ್ ವೆಸ್ಟರ್ನ್ ರೈಲ್ವೇ. ಹುಬ್ಬಳ್ಳಿಯವರಿಗೆ ಕೇಳಿ ಖುಷಿಯಾಗಬಹುದು, ಆದರೆ ಹೆಸರು ಬಿಟ್ಟರೆ ಬೇರೇನೂ ಒಂದೇ ಅಲ್ಲ. ಕರೆಂಟ್ ತೆಗೆದಿದ್ದೇವೆ ಅಂತ ಹೊಣೆ ಹೊತ್ತವರು ಹೇಳುವವರೆಗೆ ಆ ಹಳಿಯಲ್ಲಿ ಕರೆಂಟ್ ಇದೆ ಅಂತಲೇ ಲೆಕ್ಕ.

ಪಿಟಿಎಸ್ ಇದ್ದ ಮಾತ್ರಕ್ಕೆ ಒಬ್ಬರೇ ಹಳಿಗೆ ಇಳಿಯುವಂತಿಲ್ಲ. ಗುಂಪಿಗೊಬ್ಬ ಕಂಟ್ರೋಲರ್ ಆಫ್ ಸೈಟ್ ಸೇಫ್ಟಿ ಇರುತ್ತಾರೆ. ಎಲ್ಲರೂ ‘ಕಾಸ್’ ಅನ್ನುತ್ತಾರೆ. ರಾತ್ರಿ ಗೇಟಿನ ಹತ್ತಿರ ಕಾಸ್ ಎಲ್ಲರ ಕಾರ್ಡ್ ನೋಡಿ, ವ್ಯಾನಿನ ಬಾನೆಟ್ ಮೇಲೆ ನಕ್ಷೆ ಹರಡುತ್ತಾರೆ. ಯಾವ ಲೈನ್ ಬಂದ್, ಯಾವ ಲೈನಿನಲ್ಲಿ ಇನ್ನೂ ರೈಲು ಓಡುತ್ತಿದೆ, ಎಲ್ಲಿಂದ ಎಲ್ಲಿಯವರೆಗೆ ನಡೆಯಬಹುದು, ಏನಾದರೂ ಆದರೆ ಎಲ್ಲಿ ಸೇರಬೇಕು ಅಂತ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೂ ಫಾರ್ಮ್‌ಗೆ ಸಹಿ ಹಾಕಬೇಕು.

ಲೈನ್ ಬಂದ್ ಆಗುವುದು ಫೋನಿನಲ್ಲಿ. ಕಾಸ್ ಸಿಗ್ನಲರ್‌ಗೆ ಕರೆ ಮಾಡಿ ಸಿಗ್ನಲ್ ನಂಬರ್ ಹೇಳಿ ಲೈನ್ ಕೇಳುತ್ತಾರೆ. ಸಿಗ್ನಲರ್ ಆ ಸಿಗ್ನಲ್ಲನ್ನು ಕೆಂಪಿನಲ್ಲೇ ಹಿಡಿದಿಡುತ್ತಾರೆ. ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾರೆ, ಆ ಕಡೆಯವರು ಅದನ್ನೇ ತಿರುಗಿ ಹೇಳುತ್ತಾರೆ, ಇಬ್ಬರೂ ಬರೆದುಕೊಳ್ಳುತ್ತಾರೆ. ಮೊದಲ ಸಲ ಕೇಳಿದವರಿಗೆ ನಗು ಬರಬಹುದು, ಇಷ್ಟೊಂದು ಯಾಕೆ ಅಂತ. ಆ ಕರೆ ಮುಗಿಯದೆ ಯಾರೂ ಹಳಿಗೆ ಕಾಲಿಡುವುದಿಲ್ಲ.

ಯಾಕೆ ಅನ್ನುವುದಕ್ಕೆ ಮಾರ್ಗಮ್‌ನ ಅಪಘಾತವೇ ಉತ್ತರ. ವೇಲ್ಸ್‌ನ ಪೋರ್ಟ್ ಟಾಲ್ಬಟ್ ಹತ್ತಿರ 2019ರ ಜುಲೈ 3ರಂದು, ಹಾಡಹಗಲೇ, ಪಾಯಿಂಟ್ ರಿಪೇರಿ ಮಾಡುತ್ತಿದ್ದ ಇಬ್ಬರು ರೈಲಿಗೆ ಸಿಕ್ಕಿ ಸತ್ತರು. ಮೂರನೆಯವರು ಕೂದಲೆಳೆಯಲ್ಲಿ ಪಾರಾದರು. ಆ ಲೈನಿನಲ್ಲಿ ರೈಲು ಓಡಾಟ ನಿಲ್ಲಿಸಿರಲಿಲ್ಲ, ಗದ್ದಲದ ಯಂತ್ರ ಓಡುತ್ತಿತ್ತು, ರೈಲು ನೋಡಿ ಎಚ್ಚರಿಸಲು ಯಾರನ್ನೂ ಅಧಿಕೃತವಾಗಿ ನಿಲ್ಲಿಸಿರಲಿಲ್ಲ. ಅವರು ಹೊಸಬರೇನೂ ಅಲ್ಲ. ಇದಾದ ಮೇಲೆ ಬರೀ ಮನುಷ್ಯರ ಕಣ್ಣನ್ನು ನಂಬಿ ಓಡುವ ರೈಲಿನ ನಡುವೆ ಕೆಲಸ ಮಾಡುವ ಪದ್ಧತಿಯನ್ನು ನೆಟ್‌ವರ್ಕ್ ರೈಲ್ ಬಹುಮಟ್ಟಿಗೆ ಕೈಬಿಟ್ಟಿತು. ಈಗ ಮೊದಲ ಆಯ್ಕೆ ಲೈನ್ ಬಂದ್ ಮಾಡುವುದೇ. ಅದಕ್ಕೇ ಕೆಲಸ ರಾತ್ರಿಗೆ ಜಾಸ್ತಿ ಬೀಳುತ್ತದೆ.

ರಾತ್ರಿ ಅಂದರೆ ನಿದ್ದೆಯ ಲೆಕ್ಕ. ಒಂದು ಶಿಫ್ಟ್ 12 ಗಂಟೆ ಮೀರಬಾರದು, ಎರಡರ ನಡುವೆ 12 ಗಂಟೆ ಬಿಡುವು ಇರಲೇಬೇಕು. ಈ ಮಿತಿಗಳ ಹಿಂದೆ ಲಂಡನ್‌ನ ಕ್ಲಾಪಮ್ ಜಂಕ್ಷನ್ ಅಪಘಾತವಿದೆ. 1988ರ ಡಿಸೆಂಬರ್ 12ರಂದು 35 ಜನ ಸತ್ತರು. ಸಿಗ್ನಲ್ ವೈರಿಂಗ್‌ನಲ್ಲಿ ತಪ್ಪು ಮಾಡಿದ ಟೆಕ್ನಿಷಿಯನ್ 13 ವಾರಗಳಲ್ಲಿ ರಜೆ ಪಡೆದದ್ದು ಒಂದೇ ದಿನ. ಹಗಲು ಪಾರ್ಸೆಲ್ ಹಂಚಿ ರಾತ್ರಿ ಹಳಿಗೆ ಬರುವವರು ಆ ಇನ್ನೊಂದು ಕೆಲಸವನ್ನೂ ಸ್ಪಾನ್ಸರ್‌ಗೆ ಹೇಳಬೇಕು. ಮುಚ್ಚಿಡಬೇಡಿ.

ನಮ್ಮವರಿಗೆ ನಿಜವಾಗಿ ಕಷ್ಟವಾಗುವುದು ಈ ನಿಯಮಗಳಲ್ಲ. ಹಿರಿಯರು ಹೇಳುವಾಗ ಮಧ್ಯೆ ಬಾಯಿ ಹಾಕದೆ ಬೆಳೆದವರು ನಾವು. ಕಾಸ್ ವೇಲ್ಸ್ ಅಥವಾ ನ್ಯೂಕಾಸಲ್ ಧಾಟಿಯಲ್ಲಿ ಗಡಗಡ ಹೇಳಿ ಮುಗಿಸಿದಾಗ ಅರ್ಧ ಅರ್ಥವಾಗದಿದ್ದರೂ ‘ಯೆಸ್’ ಅಂದು ಸಹಿ ಹಾಕಿಬಿಡುತ್ತೇವೆ. ಆ ಸಹಿಯ ಅರ್ಥ ‘ನನಗೆ ಅರ್ಥವಾಗಿದೆ’ ಅಂತ, ‘ನಾನು ಬಂದಿದ್ದೆ’ ಅಂತ ಅಲ್ಲ. ‘ಯಾವ ಲೈನ್ ಓಪನ್ ಇದೆ, ಕೈ ತೋರಿಸಿ ಹೇಳಿ’ ಅಂತ ಕೇಳಿ. ಒಳ್ಳೆಯ ಕಾಸ್‌ಗೆ ಇಂಥ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಮುಖ ಸಿಂಡರಿಸುವವರೂ ಇದ್ದಾರೆ, ಅವರ ಹತ್ತಿರ ಎರಡು ಸಲ ಕೇಳಿ.

ಇಷ್ಟಾದರೂ ಸರಿ ಅನ್ನಿಸದಿದ್ದರೆ ಕೆಲಸ ನಿಲ್ಲಿಸುವ ಹಕ್ಕು ನಿಮಗಿದೆ. ಅದಕ್ಕೆ ‘ವರ್ಕ್‌ಸೇಫ್’ ಅನ್ನುವ ಕ್ರಮವೇ ಇದೆ: ಕಾಸ್‌ಗೆ ಹೇಳಬೇಕು, ಅವರಿಂದ ಬಗೆಹರಿಯದಿದ್ದರೆ ಮೇಲಿನವರಿಗೆ ಹೋಗುತ್ತದೆ, ಅಲ್ಲಿಯವರೆಗೆ ಸುರಕ್ಷಿತ ಜಾಗದಲ್ಲಿ ಕಾಯಬೇಕು. ವೀಸಾ ಇದೇ ಕಂಪನಿಯ ಕೈಯಲ್ಲಿದೆ, ಬಾಯಿ ಬಿಟ್ಟರೆ ಏನಾಗುತ್ತದೋ ಅನ್ನುವ ಭಯ ಸುಳ್ಳಲ್ಲ. ಹಾಗಿದ್ದವರಿಗೆ ‘ಸೈರಸ್’ ಇದೆ. ಕಂಪನಿಯ ಹೊರಗಿನ ಗುಟ್ಟಿನ ದೂರು ವ್ಯವಸ್ಥೆ ಅದು. ನೀವು ಹೇಳಿದ್ದನ್ನು ಹೆಸರು ತೆಗೆದು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಕಾರ್ಡ್ ಬಂದ ದಿನವೇ ಆ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.