ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್‌ನ ಒಳಬಿಗಿತವನ್ನು ಕಳೆಯುವುದು ಹೇಗೆ?

ಲೇಸರ್‌ನಲ್ಲಿ ಕತ್ತರಿಸಿ ತಂದ ಅಕ್ರಿಲಿಕ್ ನಾಮಫಲಕವನ್ನು ಸ್ಯಾನಿಟೈಸರ್ ಅಥವಾ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದಾಗ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುವುದುಂಟು. ದ್ರಾವಣ ಇಲ್ಲಿ ನೆಪ ಮಾತ್ರ. ಅಂಚು ಆರುವಾಗಲೇ ಒಳಗೆ ಸೇರಿಕೊಂಡ ಬಿಗಿತವೇ ಮೂಲ ಕಾರಣ.

ಅದು ಸೇರಿಕೊಳ್ಳುವ ಬಗೆಯನ್ನು ಮೊದಲು ತಿಳಿಯಬೇಕು. ಕಿರಣ ತಾಗಿದ ಅಂಚು ಬಿಸಿಯಾಗಿ ಹಿಗ್ಗಲು ಹೊರಡುತ್ತದೆ, ಸುತ್ತಲಿನ ತಣ್ಣನೆಯ ಹಾಳೆ ಎಡೆಗೊಡುವುದಿಲ್ಲ. ಅಕ್ರಿಲಿಕ್ ಬರೀ ಸ್ಪ್ರಿಂಗಿನಂತೆ ವರ್ತಿಸುತ್ತಿದ್ದರೆ, ಆಗ ಹುಟ್ಟಿದ ಒತ್ತಡವು ಅಂಚು ಆರುತ್ತಿದ್ದಂತೆ ಸೊನ್ನೆಗೆ ಮರಳುತ್ತಿತ್ತು. ಆದರೆ ಅದು ಸ್ನಿಗ್ಧ-ಸ್ಥಿತಿಸ್ಥಾಪಕ ವಸ್ತು, ಅಂದರೆ ಸ್ವಲ್ಪ ಸ್ಪ್ರಿಂಗಿನಂತೆ, ಸ್ವಲ್ಪ ಮಂದ ದ್ರವದಂತೆ ವರ್ತಿಸುವಂಥದ್ದು: ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಮೇಲೆ ಅದರ ಉದ್ದನೆಯ ಅಣುಸರಪಳಿಗಳು ಒಂದರ ಪಕ್ಕ ಒಂದು ಜಾರಿ, ಬಿದ್ದ ಒತ್ತಡವನ್ನು ಬೇಗನೆ ಕಳೆದುಕೊಳ್ಳುತ್ತವೆ, ಅದರ ಕೆಳಗೆ ಆ ಜಾರುವಿಕೆ ಬಹಳ ನಿಧಾನವಾಗುತ್ತದೆ. ಹೀಗೆ ಬಿಸಿಯಲ್ಲಿ ಒತ್ತಡವನ್ನು ಮರೆತ ಅಂಚು ಗಟ್ಟಿಯಾದ ಮೇಲೂ ಕುಗ್ಗಲು ನೋಡುತ್ತದೆ, ಪಕ್ಕದ ಹಾಳೆ ಕುಗ್ಗಗೊಡದೆ ಅದನ್ನು ಎಳೆದು ಹಿಡಿಯುತ್ತದೆ. ಬಿರುಕು ಬಾಯಿ ತೆರೆಯುವುದು ಈ ಎಳೆತದಲ್ಲಿಯೇ. (ಕಾರಿನ ಟಫನ್ಡ್ ಗಾಜಿನಲ್ಲಿ ಇದೇ ತತ್ವ ಒಳಿತಿಗೆ ದುಡಿಯುತ್ತದೆ: 600 ಡಿಗ್ರಿಗೂ ಮೇಲೆ ಕಾಯಿಸಿ ಗಾಳಿ ಊದಿದಾಗ ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ತಡವಾಗಿ ಕುಗ್ಗುವ ಒಳಭಾಗವು ಮೇಲ್ಮೈಯನ್ನು ಒತ್ತಿ ಹಿಡಿದು ಬಿರುಕನ್ನು ತಡೆಯುತ್ತದೆ.)

ಬಿಗಿತವನ್ನು ಕಣ್ಣಾರೆ ಕಾಣಲು, ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಪೋಲರೈಸ್ಡ್ ತಂಪುಕನ್ನಡಕವನ್ನು ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ, ನಡುವೆ ತುಂಡನ್ನು ಹಿಡಿದು ನಿಧಾನವಾಗಿ ಹೊರಳಿಸಿರಿ. ಬಿಗಿತವಿರುವ ಕಡೆ ಕಪ್ಪಿನ ನಡುವೆ ಬೆಳಕು ತೂರಿ ಬರುತ್ತದೆ. ಜಾಮಿಟ್ರಿ ಬಾಕ್ಸಿನ ಪಾರದರ್ಶಕ ಕೋನಮಾಪಕದಲ್ಲಿ ಬಣ್ಣದ ಪಟ್ಟೆಗಳೇ ಕಾಣುತ್ತವೆ. ಅಕ್ರಿಲಿಕ್‌ನಲ್ಲಿ ಅಂಚಿನುದ್ದಕ್ಕೂ ಮಸುಕಾದ ಬೆಳಕಷ್ಟೇ ಕಂಡೀತು.

ಇನ್ನು ಅನೀಲಿಂಗ್, ಅಂದರೆ ಬಿಸಿಮಾಡಿ ನಿಧಾನವಾಗಿ ಆರಿಸಿ ಬಿಗಿತವನ್ನು ಕಳೆಯುವ ಕ್ರಮ. ರಕ್ಷಣೆಯ ಹಾಳೆಯನ್ನು ಸುಲಿದು, ತುಂಡನ್ನು ಸಮತಟ್ಟಾದ ಆಸರೆಯ ಮೇಲಿಟ್ಟು, ಒವನ್‌ನಲ್ಲಿ ನಿಧಾನವಾಗಿ 80 ಡಿಗ್ರಿಗೆ ತನ್ನಿರಿ. ಒವನ್ನಿನ ಗುಂಡಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡುವುದು ಲೇಸು. ಈ ಬಿಸಿಯಲ್ಲಿ ಹಾಳೆ ಬಾಗುವುದಿಲ್ಲ, ಆದರೂ ಅಣುಗಳು ಕೆಲವು ಗಂಟೆಗಳಲ್ಲಿ ಬಿಗಿತವನ್ನು ಬಹುಪಾಲು ಸಡಿಲಿಸುತ್ತವೆ. ದಪ್ಪದ ಪ್ರತಿ ಮಿಲಿಮೀಟರಿಗೆ ಸುಮಾರು ಒಂದು ಗಂಟೆ ಎಂದು ಹಿಡಿಯಬಹುದು.

ಆರಿಸುವಾಗ ಅವಸರ ಸಲ್ಲದು. ಹೊರಮೈ ಬೇಗ ತಣ್ಣಗಾಗಿ ಒಳಭಾಗ ಬಿಸಿಯಾಗಿಯೇ ಉಳಿದರೆ ಹೊಸ ಬಿಗಿತ ಹುಟ್ಟೀತು. ದಪ್ಪ ಇಮ್ಮಡಿಯಾದರೆ ಒಳಗಿನ ಶಾಖ ಹೊರಬರಲು ಸುಮಾರು ನಾಲ್ಕು ಪಟ್ಟು ಕಾಲ ಬೇಕು. ಅಮೆರಿಕದ ಪಾಲೊಮಾರ್ ದೂರದರ್ಶಕಕ್ಕೆಂದು 1934ರ ಡಿಸೆಂಬರಿನಲ್ಲಿ ಕಾರ್ನಿಂಗ್ ಗಾಜಿನ ಕಾರ್ಖಾನೆಯಲ್ಲಿ ಎರಕ ಹೊಯ್ದ 200 ಇಂಚಿನ ಗಾಜಿನ ಬಿಲ್ಲೆಯನ್ನು ಸುಮಾರು ಹತ್ತು ತಿಂಗಳು ಆರಿಸಿದ್ದು ಇದಕ್ಕಾಗಿಯೇ. ನಿಮ್ಮ ನಾಮಫಲಕಕ್ಕೆ, ಒವನ್ ಆರಿಸಿ ಬಾಗಿಲು ತೆರೆಯದೆ ರಾತ್ರಿಯಿಡೀ ಬಿಟ್ಟರೆ ಸಾಕು. ಅಂಟು ಹಚ್ಚುವುದನ್ನೂ ಒರೆಸುವುದನ್ನೂ ಆ ಬಳಿಕವೇ ಇಟ್ಟುಕೊಳ್ಳಿರಿ.